ಮುಖವಿಲ್ಲದ ಸಾಹೇಬರು

ಗೇರುಬೀಜದ ಧಣಿ: ಎಂತ ಮಾರಾಯ, ಆಫ್ರಿಕಾದಿಂದ ಹಡಗೇ ಬಂದು ಮುಟ್ಟಿತು. ನಿನ್ನ ಕಾಗದ ಇನ್ನೂ ಆಗ್ಲಿಲ್ವಾ?

ಏಜೆಂಟ್: ಕಾಗದ ಎಲ್ಲುಂಟು ಧಣಿ? ಬಿಲ್ ಆಫ್ ಎಂಟ್ರಿ ಕಸ್ಟಮ್ಸ್ ಪೋರ್ಟಲ್ ಐಸ್‌ಗೇಟ್‌ನಲ್ಲಿ, ಇನ್‌ವಾಯ್ಸ್ ಇ-ಸಂಚಿತ್‌ನಲ್ಲಿ. 2020ರಿಂದ ಪರಿಶೀಲನೆಯೇ ಫೇಸ್‌ಲೆಸ್ ಅಲ್ವಾ. ನೋಡುವ ಸಾಹೇಬರು ಬೇರೆ ಯಾವುದೋ ಊರಲ್ಲಿ.

ಧಣಿ: ಯಾವ ಊರು ಹೇಳು, ಎರಡು ಕಿಲೋ ಬೀಜ ಹಿಡ್ಕೊಂಡು ಹೋಗಿ ಬರುವ.

ಏಜೆಂಟ್: ಅದು ಗೊತ್ತಾಗಬಾರದು ಅಂತಲೇ ಈ ವ್ಯವಸ್ಥೆ.

(ಧಣಿಯ ದುಃಖ ನಿಜವಾದದ್ದು. ಮೊದಲಾದರೆ ಫೈಲು ಯಾವ ಮೇಜಿನ ಮೇಲೆ ಮಲಗಿದೆ ಎಂದಾದರೂ ತಿಳಿಯುತ್ತಿತ್ತು.)

ಏಜೆಂಟ್: ಕ್ವೆರಿ ಬಂದಿದೆ. ‘ಬೀಜ ಸಿಪ್ಪೆ ಸಹಿತವೋ, ರಹಿತವೋ?’

ಧಣಿ: ಸುಂಕದ ಕೋಡ್ 08013100 ಅಂತ ಹಾಕಿದ್ದೀಯಲ್ಲ, ಅದರ ಅರ್ಥವೇ ಸಿಪ್ಪೆ ಸಹಿತ!

ಏಜೆಂಟ್: ಹಾಗೇ ಬರೆದೆ. ಡಿಜಿಟಲ್ ಸಹಿಯ ಡಾಂಗಲ್ ಚುಚ್ಚಿದೆ. ಸರ್ವರ್ ಮಲಗಿತು.

ಧಣಿ: ಮತ್ತೆ ಆ ಚೀಲದಲ್ಲಿ ಎಂತ?

ಏಜೆಂಟ್: ಎಲ್ಲದರ ಪ್ರಿಂಟು, ಮೂರ್ಮೂರು ಪ್ರತಿ. ಯಾರಾದರೂ ಕೇಳಿದರೆ ಇರಲಿ ಅಂತ.

ಧಣಿ: ಸರಕು ತಡವಾದದ್ದಕ್ಕೆ ಬರುವ ಡೆಮರೇಜಿನ ಬಿಲ್ಲೂ ಫೇಸ್‌ಲೆಸ್ಸಾ?

ಏಜೆಂಟ್: ಇಲ್ಲ ಧಣಿ, ಅದರಲ್ಲಿ ನಿಮ್ಮ ಹೆಸರು ಸ್ಪಷ್ಟ ಉಂಟು.