ಸಾಬೂನು ಹಚ್ಚಿದ ಎಕ್ಸಿಲೇಟರು

ಪಿಕಪ್ ತನ್ನಷ್ಟಕ್ಕೆ ತಾನೇ ಮುಂದಕ್ಕೆ ನುಗ್ಗಿತೆಂದರೆ ಬೈಲಹೊಂಗಲ ಸೀಮೆಯಲ್ಲಿ ಆರೋಪಿಗಳಿಗೆ ಬರವಿಲ್ಲ. ಮೊದಲು ಕೇಬಲ್, ಆಮೇಲೆ ಸ್ಪ್ರಿಂಗ್, ಆಮೇಲೆ ಹೋದ ವಾರ ಸರ್ವಿಸ್ ಮಾಡಿದವ, ಕೊನೆಗೆ ಅಮಾವಾಸ್ಯೆಗೆ ನಿಂಬೆಹಣ್ಣು ಕಟ್ಟಲು ಮರೆತ ಕ್ಲೀನರ್. ಡ್ರೈವರನ ಬಲಗಾಲಿನ ಹೆಸರು ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ.

ಅಮೆರಿಕದಲ್ಲೂ ಹೀಗೇ ಆಯಿತು. ಆಡಿ 5000 ಕಾರು ತಾನಾಗಿ ಓಡುತ್ತದೆಂದು 1986ರಲ್ಲಿ ಸಿಬಿಎಸ್ ವಾಹಿನಿ ತೋರಿಸಿದ್ದೇ ತಡ, ಮಾರಾಟ ನೆಲ ಕಚ್ಚಿತು. 1989ರಲ್ಲಿ ಅಲ್ಲಿಯ ಸರ್ಕಾರಿ ತನಿಖೆ ಬಲಗಾಲಿನತ್ತಲೇ ಬೆರಳು ತೋರಿಸಿತು: ಬಹುಪಾಲು ಚಾಲಕರು ಬ್ರೇಕ್ ಎಂದುಕೊಂಡು ಎಕ್ಸಿಲೇಟರ್ ತುಳಿದಿದ್ದರು. ಗಾಡಿ ಹಾರಿದಷ್ಟೂ ಗಾಬರಿ, ಗಾಬರಿಯಾದಷ್ಟೂ ಗಟ್ಟಿ ತುಳಿತ. ಟೊಯೋಟಾ ಕಾರುಗಳೂ ತಾನಾಗಿ ಓಡುತ್ತವೆಂಬ ಗದ್ದಲ ಎದ್ದಾಗಲಂತೂ ನಾಸಾದವರನ್ನೇ ಕರೆಸಿದರು. ಚಂದ್ರನ ಮೇಲೆ ಮನುಷ್ಯನನ್ನು ಇಳಿಸಿದವರು ಹತ್ತು ತಿಂಗಳು ತಡಕಾಡಿ, ಎಲೆಕ್ಟ್ರಾನಿಕ್ಸಿನಲ್ಲಿ ಅಂಥ ದೋಷ ಕಾಣಲಿಲ್ಲವೆಂದು 2011ರಲ್ಲಿ ವರದಿ ಒಪ್ಪಿಸಿದರು. ಪತ್ತೆಯಾದ ದೋಷಗಳು ಎರಡೇ: ಪೆಡಲಿಗೆ ಸಿಕ್ಕಿಕೊಳ್ಳುವ ಮ್ಯಾಟು, ತುಳಿದ ಮೇಲೆ ಏಳಲು ಮೈಗಳ್ಳತನ ಮಾಡುವ ಪೆಡಲು.

ಈ ವಿದ್ಯೆಯನ್ನೆಲ್ಲ ತಲೆಯಲ್ಲಿ ತುಂಬಿಕೊಂಡು ಬೈಲಹೊಂಗಲದ ಗ್ಯಾರೇಜೊಂದರಲ್ಲಿ ಹೋಗಿ ಕೂರುವ ಲೇಖಕನೊಬ್ಬನಿದ್ದಾನೆ. ಅಲ್ಲಿಗೆ ಬರುವ ಪಿಕಪ್ ಅವನ ಅಳಿಯನದು. ಅದನ್ನು ರಿವರ್ಸ್ ತೆಗೆಯಲೂ ಲೇಖಕನಿಗೆ ಬಾರದು. ಆದರೆ ಮಾತಿಗೆ ಕೂತರೆ ಬ್ರೇಕೇ ಇಲ್ಲ. ಮೊನ್ನೆ ಗ್ರೀಸು ಮೆತ್ತಿದ ಕಾಕಾನ ಮುಂದೆ ಟೆಸ್ಲಾ ಕಂಪನಿಯ ಸೈಬರ್‌ಟ್ರಕ್ ಪುರಾಣ ಬಿಚ್ಚಿದ.

“ಕಾಕಾ, ಅದೂ ಪಿಕಪ್ಪನ. 2024ರ ಏಪ್ರಿಲ್‌ದಾಗ ಮಾರಿದ್ದನ್ನೆಲ್ಲಾ ವಾಪಸ್ ಕರಸಿದ್ರು. ಎಕ್ಸಿಲೇಟರ್ ಮ್ಯಾಲಿನ ಪಟ್ಟಿ ಜಾರಿ, ಮ್ಯಾಲೆ ಹೋಗಿ ಸಿಕ್ಕೊಂಡು, ಪೆಡಲ್ ಒತ್ತಿದಂಗ ಉಳೀತಿತ್ತಂತ.”

“ಯಾಕ ಜಾರತಿತ್ತು?”

“ಜೋಡ್ಸೂವಾಗ ಸಲೀಸಾಗ್ಲಿ ಅಂತ ಸಾಬಾಣ ಹಚ್ಚಿದ್ರಂತ.”

ಕಾಕಾ ಪಾನಾ ಕೆಳಗಿಟ್ಟ. “ಎಕ್ಸಿಲೇಟರಿಗೆ? ಯಾಕ, ಜಳಕಾ ಮಾಡ್ಸಾಕ?”

ಲೇಖಕ ಆಣೆ ಇಟ್ಟು ಹೇಳಿದ. ಅನುಮತಿ ಇಲ್ಲದೆ ಕೆಲಸದ ಕ್ರಮ ಬದಲಿಸಿ ಸಾಬೂನು ಬಳಸಿದ್ದು ಅಲ್ಲಿಯ ಸರ್ಕಾರಿ ಕಾಗದದಲ್ಲೇ ಇದೆ. ಕಾಕಾ ಸಾವಕಾಶವಾಗಿ ಎಲೆಯಡಿಕೆ ಹಾಕಿಕೊಂಡ. ಸುಣ್ಣ ಸವರಿದ. ಪಕ್ಕದ ಪಂಕ್ಚರ್ ಅಂಗಡಿಯವನನ್ನೂ ಕರೆದು ಕೂರಿಸಿದ.

“ಮತ್ತ ರಿಪೇರಿ?”

“ಒಂದು ರಿಬೀಟ್ ಹೊಡದ್ರು.”

“ಒಂದ ರಿಬೀಟು?”

“ಒಂದs.”

“ಎಷ್ಟು ಗಾಡಿ?”

“3,878.”

ಕಾಕಾ ಕಣ್ಣು ಮುಚ್ಚಿದ. ತುಟಿ ಅಲುಗಿದವು. ಪಂಕ್ಚರಿನವ ಉಸಿರು ಬಿಗಿಹಿಡಿದ. “ಗಾಡಿಗೆ ಐವತ್ತು ರೂಪಾಯಿ ಹಿಡಿ. 1,93,900. ಚಹಾದ್ದು ಬ್ಯಾರೆ.” ಅಮೆರಿಕದಿಂದ ಬೈಲಹೊಂಗಲಕ್ಕೆ ಸಾಗಣೆ ಖರ್ಚು ಯಾರದೆಂಬ ಪ್ರಶ್ನೆಗೆ ಅರ್ಧ ತಾಸು ಚರ್ಚೆ ನಡೆಯಿತು. ಅಷ್ಟರಲ್ಲಿ ಅಳಿಯನ ಪಿಕಪ್ಪಿನ ಆಯಿಲ್ ಬಾಂಡಲಿ ತುಂಬಿ ಹೊರಗೆ ಹರಿದಿತ್ತು.

ಗಾಡಿ ತಾನಾಗಿ ನುಗ್ಗಿದರೆ ಕಾಕಾನ ಉಪಾಯ ಸುಲಭ. ಅಮೆರಿಕದ ಗಾಡಿಗಳಿಗೆ ಹೆಚ್ಚಾಗಿ ಎರಡೇ ಪೆಡಲು, ನಮ್ಮ ಪಿಕಪ್ಪಿಗೆ ಮೂರು. ಎಂಜಿನ್ ಎಷ್ಟೇ ಅರಚಲಿ, ಎಡಗಾಲು ಕ್ಲಚ್ ಒತ್ತಿದರೆ ಚಕ್ರಕ್ಕೆ ಎಳೆತ ತಪ್ಪುತ್ತದೆ. ಬ್ರೇಕನ್ನು ಗಟ್ಟಿಯಾಗಿ ಒತ್ತಿ ಹಿಡಿದು ನ್ಯೂಟ್ರಲ್ ಮಾಡಬೇಕು. ಓಡುವಾಗಲೇ ಚಾವಿ ಕಿತ್ತರೆ ಸ್ಟೇರಿಂಗ್ ಬಿಗಿದುಕೊಳ್ಳಬಹುದು. ಟರ್ಬೋದ ಸೀಲು ಹೋಗಿ ತನ್ನ ಆಯಿಲನ್ನೇ ಕುಡಿಯತೊಡಗಿದ ಡೀಸೆಲ್ ಎಂಜಿನ್ ಮಾತ್ರ ಚಾವಿ ಕಿಸೆಗೆ ಬಂದರೂ ನಿಲ್ಲದು. ಅದಕ್ಕೆ ಗಾಳಿ ಹೋಗುವ ಬಾಯಿ ಮುಚ್ಚಬೇಕು.

ಕಿತ್ತೂರಿನ ಹೆದ್ದಾರಿಯಿಂದ ಸವದತ್ತಿಯ ಯಲ್ಲಮ್ಮನ ಗುಡ್ಡದವರೆಗೆ ಪಿಕಪ್ಪುಗಳ ಒಳಗೆ ಇಣುಕಿದರೆ ಪೆಡಲುಗಳ ಸುತ್ತ ಒಂದು ಸಂಸಾರವೇ ಇರುತ್ತದೆ: ಚಪ್ಪಲಿ, ನೀರಿನ ಬಾಟಲಿ, ಕಾಯಿಯ ಚೀಲ. ಬಾಟಲಿ ಬ್ರೇಕಿನ ಅಡಿ ಉರುಳಿದರೆ ನಾಸಾ ಬೇಕಿಲ್ಲ.

ಅದಕ್ಕಿಂತ ಸಿಟ್ಟು ಬರುವುದು ಗಾಡಿಯ ಹಿಂಭಾಗ ನೋಡಿದಾಗ. 2023ರ ಜನವರಿಯಲ್ಲಿ ರಾಮದುರ್ಗ ತಾಲ್ಲೂಕಿನಲ್ಲಿ, ಯಲ್ಲಮ್ಮನಿಗೆ ನಡೆದು ಹೊರಟಿದ್ದ ಭಕ್ತರು ಹತ್ತಿದ್ದ ಸರಕಿನ ಪಿಕಪ್ ಮರಕ್ಕೆ ಗುದ್ದಿ ಆರು ಜನ ಸತ್ತರು. ಅಲ್ಲಿ ಸಾಬೂನೂ ಇರಲಿಲ್ಲ, ಎಲೆಕ್ಟ್ರಾನಿಕ್ಸಿನ ಮಾಯೆಯೂ ಇರಲಿಲ್ಲ. ಸರಕು ಹೇರುವ ಜಾಗದಲ್ಲಿ ಜನ ಇದ್ದರು. ಪೆಡಲಿಗೆ ನಿಂಬೆಹಣ್ಣು ನಿವಾಳಿಸುವವರು ಈ ಲೆಕ್ಕವನ್ನು ಮಾಡುವುದೇ ಇಲ್ಲ.

ಬನದ ಹುಣ್ಣಿಮೆಗೆ ಗುಡ್ಡಕ್ಕೆ ಹೋದ ಲೇಖಕನಿಗೆ ಸುಮ್ಮನಿರಲಾಗಲಿಲ್ಲ. ನಿಂತ ಪಿಕಪ್ಪೊಂದರ ಕಿಟಕಿಯಲ್ಲಿ ತಲೆ ತೂರಿಸಿ, ಬಾಟಲಿ ತೆಗೆಯಿರಿ, ಜನರನ್ನು ಇಳಿಸಿರಿ ಎಂದು ಉಪದೇಶ ಶುರುಮಾಡಿದ.

“ಆರ್‌ಟಿಓ ಏನ್ರೀ?” ಡ್ರೈವರ್ ನೆಟ್ಟಗೆ ಕೂತ.

“ಅಲ್ರೀ, ಲೇಖಕ.”

“ಹಂಗೇನು!” ಡ್ರೈವರ್ ಮತ್ತೆ ಸೀಟಿಗೆ ಒರಗಿದ. “ಹಿಂದ ಹತ್ರಿ ಸರ್, ಇನ್ನಾ ಒಬ್ಬರಿಗೆ ಜಾಗಾ ಐತಿ.”