ಕಾರಿನ ಮೇಲೆ ಬೇವಿನ ಎಲೆ ಬಿದ್ದ ಬಗ್ಗೆ ಬೆಂಗಳೂರಿನ ಅಳಿಯಂದಿರಿಗೊಂದು ಬಹಿರಂಗ ಪತ್ರ

ಚಿರಂಜೀವಿ ಅಳಿಯಂದಿರಿಗೆ ಬೇವೂರಿನಿಂದ ನಿಮ್ಮ ಮಾವ, ನಿವೃತ್ತ ಕನ್ನಡ ಶಾಲೆ ಮಾಸ್ತರ, ಮಾಡುವ ಆಶೀರ್ವಾದಗಳು. ಉಭಯ ಕುಶಲೋಪರಿ. ಇತ್ತ ಮನೆಯಲ್ಲಿ ಎಲ್ಲರೂ ಕ್ಷೇಮ. ಬೇವಿನ ಮರವೂ ಸದ್ಯಕ್ಕೆ ಕ್ಷೇಮ.

ಇದು ಖಾಸಗಿಯಾಗಿ ಬರೆಯಬೇಕಿದ್ದ ಪತ್ರ. ಆದರೆ ಕಟ್ಟೆಯ ಮೇಲೆ ಕೂತು ಬರೆಯತೊಡಗಿದ್ದು ತಪ್ಪಾಯಿತು. ಮೂರನೇ ಸಾಲಿಗೆ ಬರುವಷ್ಟರಲ್ಲಿ ನಾಲ್ಕು ಮಂದಿ ಹೆಗಲ ಮೇಲಿಂದ ಓದುತ್ತಿದ್ದರು. ಅವರಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಒಂದು ಒತ್ತಕ್ಷರವನ್ನೂ ತಿದ್ದಿದ. ಹೀಗಾಗಿ ಬಹಿರಂಗ ಎಂದು ನಾನೇ ಸಾರಿಬಿಟ್ಟೆ.

ಕಳೆದ ಮೇ ತಿಂಗಳಲ್ಲಿ ನೀವು ಬಂದಿರಿ. ಚಹಾ ಕುಡಿಯುತ್ತ, “ಮಾವ, ನಾಲ್ಕು ಗೋಡೆ ಮಧ್ಯೆ ಕೂತು ಕೂತು ಸಾಕಾಗಿದೆ, ಒಂದು ದಿನ ಪೂರ್ತಿ ಹೊರಗಡೆ ಕಳೀಬೇಕು” ಎಂದಿರಿ. “ಬೇವೂರಾಗ ಹೊರಗ ಇರೂದು ಭಾಳ ಸುಲಭ ಐತ್ರಿ, ಒಳಗ ಇರೂದ ತ್ರಾಸು, ಕರೆಂಟ್ ಇರಂಗಿಲ್ಲ” ಎಂದೆ. ನೀವು ನಕ್ಕಿರಿ. ನಾನು ನಗೆಚಾಟಿಕೆ ಮಾಡಿರಲಿಲ್ಲ.

ಮರುದಿನ ಆರಕ್ಕೆ ಹೊರಡುವುದೆಂದು ಮಾತಾಗಿ ಒಂಬತ್ತೂವರೆಗೆ ಹೊರಟೆವು. ನಿಮ್ಮ ತಯಾರಿ: ಅಗಲ ಅಂಚಿನ ಟೊಪ್ಪಿಗೆ, ಕಪ್ಪು ಕನ್ನಡಕ, ಹೆಜ್ಜೆ ಎಣಿಸುವ ಗಡಿಯಾರ, 50 ಎಂದು ಅಂಕಿ ಬರೆದ ಮುಲಾಮು. ಆ 50 ನಮ್ಮೂರಿನ ಬಿಸಿಲಿನ ಡಿಗ್ರಿ ಇರಬೇಕು ಎಂದುಕೊಂಡರು ನಿಮ್ಮ ಅತ್ತೆಯವರು. ಅವರನ್ನು ನಾನು ತಿದ್ದಲಿಲ್ಲ. ಅವರ ಕಡೆಯಿಂದ ತಯಾರಿ ಇಷ್ಟೇ: ಇಳಕಲ್ ಸೀರೆಯ ಸೆರಗನ್ನು ತಲೆಯ ಮೇಲೆ ಒಂದು ಗೇಣು ಮುಂದಕ್ಕೆ ಎಳೆದುಕೊಂಡರು.

ಮೊದಲು ಬಾದಾಮಿ. ಅಲ್ಲಿಯ ಮೂರನೆಯ ಗುಹೆಯನ್ನು ಚಾಲುಕ್ಯರ ಮಂಗಳೇಶ ಮಾಡಿಸಿದ್ದು 578ರಲ್ಲಿ. ನೀವು ಅದರೊಳಗೆ ಇದ್ದದ್ದು ನಾಲ್ಕು ನಿಮಿಷ, ಅದರಲ್ಲಿ ಮೂರು ನಿಮಿಷ ವಿಷ್ಣುವಿಗೆ ಬೆನ್ನು ಹಾಕಿ ಫೋನಿಗೆ ಮುಖ ಕೊಟ್ಟು ನಿಂತಿದ್ದಿರಿ. ಮೆಟ್ಟಿಲ ಮೇಲೆ ಮಂಗವೊಂದು ನಿಮ್ಮ ಕೈಯ ಚಿಪ್ಸ್ ಪೊಟ್ಟಣ ಕಸಿದುಕೊಂಡು ಹೋಯಿತು. ಇಡೀ ದಿನದಲ್ಲಿ ಪ್ರಕೃತಿಗೂ ನಿಮಗೂ ಆದ ನೇರ ವ್ಯವಹಾರ ಅದೊಂದೇ. ಅಲ್ಲಿಂದ ಪಟ್ಟದಕಲ್ಲಿಗೆ ಸುಮಾರು 22 ಕಿಲೋಮೀಟರ್, ಕಾರಿನ ಗಾಜು ಏರಿಸಿ, ಎಸಿ ಹಾಕಿ. ಗಂಡ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದದ್ದಕ್ಕೆ ರಾಣಿ ಲೋಕಮಹಾದೇವಿ ಕಟ್ಟಿಸಿದ ಗುಡಿಯ ಮುಂದೆ ನಿಂತು, ಮಲಪ್ರಭೆ ಇಲ್ಲಿ ಉತ್ತರಕ್ಕೆ ತಿರುಗಿ ಹರಿಯುತ್ತಾಳೆ, ಈ ಜಾಗದ ಮಹಿಮೆಯೇ ಅದು ಎಂದು ಹೇಳಲು ಬಾಯಿ ತೆರೆದೆ. ಸಿಗ್ನಲ್ ಯಾವ ಕಡೆ ಸಿಗುತ್ತದೆ ಎಂದು ನೀವು ಕೇಳಿದಿರಿ. ಮುಂದೆ ಐಹೊಳೆ. ಅಲ್ಲಿಯ ಮೇಗುಟಿ ಗುಡಿಯಲ್ಲಿ 634ರ ಶಾಸನವಿದೆ. ಬರೆದ ರವಿಕೀರ್ತಿ ತನ್ನ ಕೀರ್ತಿ ಕಾಳಿದಾಸ, ಭಾರವಿಯರಿಗೆ ಸಮ ಎಂದು ತಾನೇ ಕಲ್ಲಿನಲ್ಲಿ ಕೆತ್ತಿಸಿದ. ಸ್ಟೇಟಸ್ ಹಾಕುವುದರಲ್ಲಿ ನಿಮಗಿಂತ ಹೆಚ್ಚೂಕಡಿಮೆ 1,400 ವರ್ಷ ಹಿರಿಯ. ಅದನ್ನು ನೋಡಬೇಕೆಂದರೆ ಗುಡ್ಡ ಹತ್ತಬೇಕು ಎಂದೆ. ತಟ್ಟನೆ ನಿಮಗೆ ಕೂಡಲಸಂಗಮಕ್ಕೆ ಹೊತ್ತಾಗುತ್ತದೆ ಎಂಬುದು ನೆನಪಾಯಿತು. ಸಂಗಮ ಮುಟ್ಟಿದಾಗ ಕತ್ತಲು. ಇದರಲ್ಲಿ ಕೃಷ್ಣಾ ಯಾವುದು, ಮಲಪ್ರಭಾ ಯಾವುದು ಎಂದಿರಿ. ಕತ್ತಲಲ್ಲಿ ನನಗೂ ಗೊತ್ತಾಗಲಿಲ್ಲ.

ರಾತ್ರಿ ಮನೆಗೆ ಬಂದು, “ಅಬ್ಬಾ, ಇಡೀ ದಿನ ಹೊರಗಡೆ!” ಎಂದು ಕಾಲು ಚಾಚಿದಿರಿ. ಅಳಿಯಂದಿರೇ, ಲೆಕ್ಕದ ಮಾಸ್ತರನೂ ಆಗಿದ್ದವನು ನಾನು. ಆ ದಿನ ನೀವು ಹೊರಗೆ ಇದ್ದದ್ದು ಎಲ್ಲ ಕೂಡಿಸಿ ಒಂದು ತಾಸು ಹತ್ತು ನಿಮಿಷ. ಉಳಿದದ್ದು ಚಕ್ರವಿರುವ ನಾಲ್ಕು ಗೋಡೆಯ ನಡುವೆ.

ಅದನ್ನು ನಾನು ಮನಸ್ಸಿಗೆ ಹಚ್ಚಿಕೊಂಡಿಲ್ಲ. ಪತ್ರ ಬರೆಯುವಂತೆ ಮಾಡಿದ್ದು ಮರುದಿನ ಬೆಳಗಿನ ಮಾತು. ನಿಮ್ಮ ಬಿಳಿ ಕಾರು ರಾತ್ರಿಯೆಲ್ಲ ಬೇವಿನ ಮರದ ಕೆಳಗಿತ್ತು. ಮೇಲೆ ಒಣಗಿದ ಎಲೆ, ಹೂವಿನ ಹೊಟ್ಟು, ಮುಂದಿನ ಗಾಜಿನ ನಟ್ಟನಡುವೆ ಕಾಗೆ ಹಾಕಿದ ರುಜು. ನೀವು ಸೊಂಟದ ಮೇಲೆ ಕೈಯಿಟ್ಟು ಮೇಲೆ ನೋಡಿದಿರಿ. “ಮಾವ, ಈ ಕೊಂಬೆ ಕಡಿಸಿಬಿಡಿ. ಒಂದು ಶೀಟ್ ಹಾಕಿಸಿದರೆ ನೀಟಾಗಿ ಪಾರ್ಕಿಂಗ್ ಆಗುತ್ತೆ.”

ಈ ಮಾತು ಹೇಳುವಾಗ ನಿಮ್ಮ ಮುಖ ಆಗತಾನೇ ತೊಳೆದು ಥಳಥಳ ಹೊಳೆಯುತ್ತಿತ್ತು. ನೀವು ಬಚ್ಚಲಲ್ಲಿ ಮರೆತು ಹೋದ ಹಸಿರು ಟ್ಯೂಬನ್ನು ಕನ್ನಡಕ ಹಾಕಿಕೊಂಡು ಓದಿದೆ. ಬೇವಿನ ಸತ್ವವಿದೆಯಂತೆ. ಬೇವಿನ ಬೆಲೆ ಬೇರೆಯವರಿಗೆ ಗೊತ್ತಿಲ್ಲದ್ದೇನಲ್ಲ. ಅಮೆರಿಕದ ಕೃಷಿ ಇಲಾಖೆಯೂ ಅಲ್ಲಿಯ ಒಂದು ಕಂಪನಿಯೂ ಬೇವಿನೆಣ್ಣೆಯಿಂದ ಬೂಷ್ಟು ಕೊಲ್ಲುವ ವಿಧಾನ ತಮ್ಮದೆಂದು ಯುರೋಪಿನಲ್ಲಿ ಪೇಟೆಂಟ್ ಪಡೆದಿದ್ದವು. ಇದು ಭಾರತದವರಿಗೆ ಮೊದಲೇ ಗೊತ್ತಿದ್ದ ವಿದ್ಯೆ ಎಂದು ನಮ್ಮವರು ಹೋಗಿ ವಾದ ಮಾಡಿದ ಮೇಲೆ 2000ದಲ್ಲಿ ಅದು ರದ್ದಾಯಿತು, 2005ರಲ್ಲಿ ಮೇಲ್ಮನವಿಯೂ ಬಿದ್ದುಹೋಯಿತು. ಅಷ್ಟು ದೂರ ಹೋಗಿ ಗೆದ್ದು ತಂದ ಬೇವನ್ನು ಕಾರಿನ ಬಣ್ಣಕ್ಕಾಗಿ ಬೇವೂರಿನಲ್ಲೇ ಕಡಿಯುವುದೆಂದರೆ ಊರಿಗೆ ಬೇರೆ ಹೆಸರು ಹುಡುಕಬೇಕಾಗುತ್ತದೆ. ಶೀಟೂರು ಎಂದು ಕಟ್ಟೆಯವರ ಸಲಹೆ.

ಇನ್ನು ನೀವು ನೋಡದೆ ಹೋದದ್ದರ ಮಾತು. ಆ ಮರದ ಕಟ್ಟೆ ನಮ್ಮ ಗಡಿಯಾರ. ಬೆಳಿಗ್ಗೆ ನೆರಳು ಪಡುವಲಕ್ಕೆ ಬೀಳುತ್ತದೆ, ಹಿರಿಯರು ಆ ಅಂಚಿಗೆ ಕೂರುತ್ತಾರೆ. ಹೊತ್ತು ಏರಿದಂತೆ ಯಾರೂ ಏಳುವುದಿಲ್ಲ, ಕೂತಲ್ಲೇ ಒಂದೊಂದು ಗೇಣು ಸರಿಯುತ್ತಾರೆ. ಹನ್ನೆರಡಕ್ಕೆ ಎಲ್ಲರ ಬೆನ್ನೂ ಬೊಡ್ಡೆಗೆ ಹತ್ತಿರುತ್ತದೆ. ಆಮೇಲೆ ಮೂಡಲ ಅಂಚಿನ ಕಡೆ ಪಯಣ. ಸಂಜೆ ಮಿರ್ಚಿ ಕರಿಯುವ ವಾಸನೆ ಬರುವ ಹೊತ್ತಿಗೆ ಅರ್ಧ ಪ್ರದಕ್ಷಿಣೆ ಮುಗಿದಿರುತ್ತದೆ. ಹೆಜ್ಜೆ ಒಂದೂ ಇಲ್ಲ, ನಿಮ್ಮ ಗಡಿಯಾರ ಇದನ್ನು ಸೊನ್ನೆ ಎಂದೇ ತೋರಿಸೀತು. ಅದೇ ಮಧ್ಯಾಹ್ನ ಆಚೆಯ ಬಯಲಲ್ಲಿ ಕುರಿಹಿಂಡು ನೋಡಬೇಕಿತ್ತು. ಮರವಿಲ್ಲದ ಕಡೆ ಕುರಿಗಳು ದುಂಡಗೆ ಒತ್ತಿ ನಿಂತು, ಒಂದರ ಹೊಟ್ಟೆಯ ಕೆಳಗೆ ಇನ್ನೊಂದು ತಲೆ ತೂರಿಸುತ್ತವೆ. ಹೊರಗಿನಿಂದ ನೋಡಿದರೆ ಬರೀ ಬೆನ್ನು, ತಲೆಯೇ ಕಾಣುವುದಿಲ್ಲ. ನೆರಳಿಲ್ಲದಿದ್ದರೆ ಒಬ್ಬರಿಗೊಬ್ಬರು ನೆರಳಾಗುವಷ್ಟು ಬುದ್ಧಿ ಕುರಿಗೆ ಇದೆ. ಕುರಿಗೆ ಶೀಟ್ ಹಾಕಿಸುವ ಬುದ್ಧಿ ಮಾತ್ರ ಇನ್ನೂ ಬಂದಿಲ್ಲ.

ಇಷ್ಟು ಬರೆದು ನಿಮ್ಮ ಅತ್ತೆಯವರಿಗೆ ಓದಿ ಹೇಳಿದೆ. ಅವರು ಜೋಳ ಹಸನು ಮಾಡುವ ಮೊರವನ್ನು ನಿಲ್ಲಿಸದೆಯೇ ಅಂದರು: “ಆ ಕಟ್ಟಿ ಮ್ಯಾಲ ಒಂದ್ ದಿನಾನಾರ ಹೆಣ್ಮಕ್ಕಳು ಕುಂತದ್ದ ನೋಡೀರೇನ್ರಿ? ನೆಳ್ಳ ಪುರಾಣ ಗಂಡಸರದು. ನಮ್ಮದು ಬಿಸಲಪುರಾಣ, ಅದನ್ನ ಬರಿಯಾಕ ನಮಗ ಪುರಸೊತ್ತಿಲ್ಲ.” ಮಾತು ನಿಜ. ಬೇಸಿಗೆಯಲ್ಲಿ ನಮ್ಮೂರ ಹೆಣ್ಣುಮಕ್ಕಳು ಬುತ್ತಿ ಕಟ್ಟಿಕೊಂಡು ಖಾತ್ರಿ ಕೆಲಸಕ್ಕೆ ಹೋಗುತ್ತಾರೆ, ಬದು ಹಾಕಲು, ಹೂಳೆತ್ತಲು. 2005ರ ಉದ್ಯೋಗ ಖಾತ್ರಿ ಕಾಯ್ದೆ ಹಳ್ಳಿಯ ಒಂದು ಕುಟುಂಬಕ್ಕೆ ವರ್ಷಕ್ಕೆ 100 ದಿನ ಎಂದು ಬರೆದಿತ್ತು. ನೀವು ರೊಕ್ಕ ಖರ್ಚು ಮಾಡಿ ಒಂದು ದಿನ ಬಯಲಿಗೆ ಬಂದಿರಿ. ಇವರಿಗೆ ನೂರು ದಿನದ ಬಯಲನ್ನು ಸರ್ಕಾರವೇ ಕೂಲಿ ಕೊಟ್ಟು ಒದಗಿಸಿತು, ಮುಲಾಮು ಒಂದು ಬಿಟ್ಟು.

ಇನ್ನೊಂದನ್ನೂ ಒಪ್ಪಿಕೊಳ್ಳಬೇಕು. ಆ ಮರದ ಮೇಲೆ ಕಣ್ಣು ಹಾಕಿದವರಲ್ಲಿ ನೀವು ಮೊದಲಿಗರಲ್ಲ. ಕಟ್ಟೆ ಚಂದ ಕಾಣಲಿ ಎಂದು ಬುಡದವರೆಗೆ ಸಿಮೆಂಟ್ ಬಳಿದು ಬೇರಿಗೆ ನೀರು ಇಳಿಯದಂತೆ ಮಾಡಿದವರು ನಾವೇ. ಹುಟ್ಟುಹಬ್ಬದ ಬ್ಯಾನರುಗಳಿಗೆ ಮೊಳೆ ಹೊಡೆದವರೂ ನಾವೇ. ನೀವು ಹೋದ ಮೇಲೆ ಬೊಡ್ಡೆಯ ಸುತ್ತ ಕೈಯಾಡಿಸಿ ಎಣಿಸಿದೆ, ಹದಿನೇಳು ಮೊಳೆ. ಒಂದರ ಬ್ಯಾನರಿನಲ್ಲಿ ಪರಿಸರ ದಿನದ ಶುಭಾಶಯವಿತ್ತು. ಕೆಳಗಿನ ಸಾಲಿನ ಚಿಕ್ಕ ಫೋಟೋಗಳಲ್ಲಿ ನಾನೂ ಇದ್ದೆ.

ನಿಜವಾಗಿ ಒಂದು ದಿನ ಹೊರಗೆ ಕಳೆಯಬೇಕೆಂದರೆ ಎಳ್ಳ ಅಮಾವಾಸ್ಯೆಗೆ ಬನ್ನಿ. ಹಿಂಗಾರಿ ಜೋಳ ಆಳೆತ್ತರ ನಿಂತಿರುತ್ತದೆ. ಸಜ್ಜಿರೊಟ್ಟಿ, ಎಣಗಾಯಿ, ಶೇಂಗಾ ಹೋಳಿಗೆ, ಕಡಬು ಕಟ್ಟಿಕೊಂಡು ಹೊಲಕ್ಕೆ ಹೋಗಿ, ಮೊದಲು ಭೂಮಿತಾಯಿಗೆ ಚರಗ ಚೆಲ್ಲಿ, ಆಮೇಲೆ ಬನ್ನಿ ಗಿಡದ ಬುಡದಲ್ಲಿ ಎಲ್ಲರೂ ಕೂಡಿ ಉಣ್ಣುತ್ತೇವೆ. ಆವತ್ತು ಹೆಣ್ಣುಮಕ್ಕಳೂ ಕೂರುತ್ತಾರೆ, ಗಂಡಸರು ನೀರು ತರುತ್ತಾರೆ. ಹೊಲದಲ್ಲಿ ಸಿಗ್ನಲ್ ಇಲ್ಲ. ಮೊಮ್ಮಗಳನ್ನು ತಪ್ಪದೆ ಕರೆತನ್ನಿ, ಹಸಿ ಕಡಲೆ ಗಿಡದ ಹುಳಿ ಅವಳ ನಾಲಿಗೆಗೆ ಇನ್ನೂ ಗೊತ್ತಿಲ್ಲ.

ಕೊಂಬೆ ಕಡಿಸಿಲ್ಲ. ಮೊಳೆಗಳಲ್ಲಿ ಹನ್ನೊಂದನ್ನು ಕಿತ್ತಿದ್ದೇನೆ, ಉಳಿದ ಆರು ತುಕ್ಕು ಹಿಡಿದು ಬರುತ್ತಿಲ್ಲ. ನಿಮ್ಮ ಹಸಿರು ಟ್ಯೂಬು ಗೂಡಿನಲ್ಲಿ ಜೋಪಾನವಾಗಿದೆ. ಬರುವಾಗ ಒಂದು ಒಳ್ಳೆಯ ಇಕ್ಕಳ ತನ್ನಿ, ಕಾರನ್ನು ಮಾತ್ರ ದಯವಿಟ್ಟು ಬಿಸಿಲಲ್ಲಿ ನಿಲ್ಲಿಸಿ.

ಇಂತಿ ನಿಮ್ಮ ಮಾವ,
ಮತ್ತು ಹೆಗಲ ಮೇಲಿಂದ ಓದಿದ ನಾಲ್ವರು