ಬೂಟಿನ ಮಾಸ್ತರು

ದೀಪಾವಳಿ ಮುಗಿದು ಹಿಂಗಾರಿ ಜೋಳ ಮೊಣಕಾಲಿಗೆ ಬಂತೆಂದರೆ ಮಹಾರಾಷ್ಟ್ರದ ಜತ್ತ ತಾಲ್ಲೂಕಿನ ಮೂಡಣ ಹಳ್ಳಿಗಳ ಕಟ್ಟೆಯ ಮೇಲೆ ಎರಡು ವಿಚಾರಣೆ ಶುರುವಾಗುತ್ತವೆ. ಛಟ್ಟಿ ಅಮಾವಾಸ್ಯೆ ಯಾವತ್ತು ಬಿತ್ತು? ಮಾಸ್ತರು ಈ ಸಲ ಏನು ತರಿಸಿದರು?

ಛಟ್ಟಿ ಅಮಾವಾಸ್ಯೆಗೆ ಗುಡ್ಡಾಪುರದ ದಾನಮ್ಮದೇವಿಯ ಜಾತ್ರೆ. ವಿಜಯಪುರ, ಬಾಗಲಕೋಟೆ, ಸೋಲಾಪುರದ ಕಡೆಯಿಂದ ಜನ ನಡೆದೇ ಬರುತ್ತಾರೆ. ಹೊದೆಯಲು ಒಂದು ಶಾಲು, ಹೆಗಲಿಗೊಂದು ಚೀಲ, ಬಾಯಲ್ಲಿ ದಾನಮ್ಮನ ಹೆಸರು. ಹರಕೆ ಹೊತ್ತವರಿಗೆ ಕಾಲಲ್ಲಿ ಚಪ್ಪಲಿಯೂ ಇರುವುದಿಲ್ಲ. ಈ ಗುಂಪಿನ ನಡುವೆ ಒಬ್ಬರು ಮಾತ್ರ ಹಿಮಾಲಯದಲ್ಲಿ ದಾರಿ ತಪ್ಪಿ ತಿಕೋಟೆಯಲ್ಲಿ ಇಳಿದವರಂತೆ ಕಾಣುತ್ತಾರೆ. ಕಣಕಾಲು ಮುಚ್ಚುವ ಬೂಟು, ಎದೆಗೂ ಸೊಂಟಕ್ಕೂ ಪಟ್ಟಿ ಬಿಗಿದ ಬ್ಯಾಗು, ಎರಡೂ ಕೈಯಲ್ಲಿ ಅಲ್ಯುಮಿನಿಯಂ ಬಡಿಗೆ, ಹಣೆಗೆ ದೀಪ, ಬಾಯಿಗೆ ನೇರ ಬರುವ ನೀರಿನ ನಳಿಗೆ. ಅವರೇ ನಮ್ಮ ಬೂಟಿನ ಮಾಸ್ತರು.

ಹೆಸರು ಬೇಡ. ಇವರು ಒಬ್ಬರಲ್ಲ. ನಾನು ಹೇಳುತ್ತಿರುವವರು ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ ಗಣಿತ ಕಲಿಸುತ್ತಾರೆ. ಇದೇ ಜೀವ ಉಮದಿಯಲ್ಲಿ ಔಷಧದ ಅಂಗಡಿ ಇಟ್ಟಿರುತ್ತದೆ, ಇನ್ನೊಂದೂರಲ್ಲಿ ದಾಳಿಂಬೆ ತೋಟ ಮಾಡಿರುತ್ತದೆ, ವಿಜಯಪುರದಲ್ಲಿ ವಿಮೆ ಮಾರುತ್ತಿರುತ್ತದೆ. ಉದ್ಯೋಗ ಯಾವುದಾದರೂ ಗುರುತು ಒಂದೇ: ನಡೆಯುವುದಕ್ಕಿಂತ ನಡೆಯಲು ಬೇಕಾಗುವ ಸಾಮಾನಿನ ಮೇಲೆ ಪ್ರೀತಿ ಹೆಚ್ಚು.

ಮಾಸ್ತರದು ಸಂಖದ ಕಡೆಯ ಊರು. ಬೆಳಿಗ್ಗೆ ಚಹಾ ಕುಡಿದು ಹೊರಟರೆ ಬಿಸಿಲೇರುವುದರೊಳಗೆ ದಾನಮ್ಮನ ಗುಡಿ ಸಿಗುತ್ತದೆ. ಆದರೆ ಅಷ್ಟು ಸಣ್ಣ ದಾರಿಗೆ ಅಷ್ಟು ದೊಡ್ಡ ಬ್ಯಾಗು ಹೊರುವುದು ಅವರಿಗೂ ಸರಿ ಕಾಣಲಿಲ್ಲ. ಬ್ಯಾಗು ಸಣ್ಣದು ಮಾಡುವ ಬದಲು ಅವರು ದಾರಿಯನ್ನು ದೊಡ್ಡದು ಮಾಡಿಕೊಂಡರು. ಬಸ್ಸು ಹತ್ತಿ ವಿಜಯಪುರಕ್ಕೆ ಹೋಗಿ, ಅಲ್ಲಿಂದ ಹೊರಡುವ ಪಾದಯಾತ್ರೆ ಸೇರಿ, ತಮ್ಮ ಮನೆಯ ದಿಕ್ಕಿಗೇ ವಾಪಸು ನಡೆಯುತ್ತಾರೆ. ಬಸ್ಸಿನಲ್ಲಿ ಕಂಡಕ್ಟರ್ ಕೇಳಿದ್ದಾನಂತೆ:

"ಮಾಸ್ತರ್ರ, ಇಷ್ಟ ಲಗೇಜ್ ತಗೊಂಡು ಎಲ್ಲಿಗಿ ಹೊಂಟೀರಿ?"

"ವಿಜಾಪುರಕ್ಕ."

"ಅಲ್ಲೇನೈತ್ರಿ?"

"ಏನಿಲ್ಲ. ಅಲ್ಲಿಂದ ಗುಡ್ಡಾಪುರಕ್ಕ ನಡಕೋಂತ ಬರಬೇಕು."

ಕಂಡಕ್ಟರ್ ಟಿಕೆಟ್ ಹರಿದು ಕೊಟ್ಟು ಸುಮ್ಮನಾದ. ಗಡಿ ದಾಟುವ ಬಸ್ಸಿನಲ್ಲಿ ದಿನಾ ಎಂಥೆಂಥವರನ್ನೋ ಕಂಡ ಮನುಷ್ಯ.

ಮಾಸ್ತರಿಗೆ ಈ ವಿದ್ಯೆ ಬಂದದ್ದು ಮೊಬೈಲಿನಿಂದ. ಗುರುಗಳೆಲ್ಲ ಸ್ಕಾಟ್ಲೆಂಡಿನವರು. ರಾತ್ರಿ ಊಟವಾದ ಮೇಲೆ ಅಂಗಳದಲ್ಲಿ ಹೊರಸಿನ ಮೇಲೆ ಮಲಗಿ, ಅಲ್ಲಿಯ ಜನ ಚಳಿಗಾಲದಲ್ಲಿ ಗುಡ್ಡ ಹತ್ತುವುದನ್ನು ನೋಡುತ್ತಾರೆ. ಆಮೇಲೆ ಕಟ್ಟೆಗೆ ಬಂದು ಪಾಠ ಮಾಡುತ್ತಾರೆ. ಬೆನ್ ನೆವಿಸ್ ಎಂಬ ಗುಡ್ಡದ ಎತ್ತರ 1345 ಮೀಟರು. ಎತ್ತರ ಅಂಥದ್ದೇನಲ್ಲ, ಆದರೆ ಹಿಮ, ಮಂಜು, ಗಾಳಿ. ಕೇರ್ನ್‌ಗಾರ್ಮ್ ಶಿಖರದ ಮೇಲೆ 1986ರ ಮಾರ್ಚ್ 20ರಂದು ಗಾಳಿ ತಾಸಿಗೆ 173 ಮೈಲಿ ಬೀಸಿದ್ದು ದಾಖಲೆಯಾಗಿದೆ. ಡಿಸೆಂಬರಿನಲ್ಲಿ ಏಳು ತಾಸೂ ಸರಿಯಾಗಿ ಬೆಳಕಿರುವುದಿಲ್ಲ. ಬೂಟಿಗೆ ಕಬ್ಬಿಣದ ಹಲ್ಲು ಕಟ್ಟಿಕೊಂಡು, ಕೈಯಲ್ಲಿ ಹಿಮದ ಕೊಡಲಿ ಹಿಡಿದು ಹತ್ತಬೇಕು.

ಕಟ್ಟೆಯ ಮೇಲಿನ ಹಿರಿಯರೊಬ್ಬರು ಎಲೆಗೆ ಸುಣ್ಣ ಹಚ್ಚುತ್ತ ಎಲ್ಲವನ್ನೂ ಕೇಳಿಸಿಕೊಂಡರು.

"ಮ್ಯಾಲ ಯಾ ದೇವರು ಅದಾನ್ರಿ?"

"ದೇವರಿಲ್ರಿ ಕಾಕಾ. ಸುಮ್ಮ ಹತ್ತತಾರ."

"ಹರಕಿ ಇಲ್ದ?"

ಮಾಸ್ತರು ಆಗ ಮನ್ರೋ ಸಾಹೇಬನ ಕಥೆ ಹೇಳಬೇಕಾಯಿತು. ಸ್ಕಾಟ್ಲೆಂಡಿನಲ್ಲಿ ಮೂರು ಸಾವಿರ ಅಡಿಗಿಂತ ಎತ್ತರದ ಗುಡ್ಡಗಳದ್ದೆಲ್ಲ ಒಂದು ಪಟ್ಟಿಯನ್ನು ಸರ್ ಹ್ಯೂ ಮನ್ರೋ ಎಂಬಾತ 1891ರಲ್ಲಿ ಪ್ರಕಟಿಸಿದ. ಈಗ ಆ ಪಟ್ಟಿಯಲ್ಲಿ 282 ಗುಡ್ಡಗಳಿವೆ. ಜನ ಒಂದೊಂದನ್ನೇ ಹತ್ತಿ ಗುರುತು ಹಾಕಿಕೊಳ್ಳುತ್ತಾರೆ, ಕೆಲವರಿಗೆ ಮುಗಿಸಲು ಅರ್ಧ ಆಯುಷ್ಯ ಹಿಡಿಯುತ್ತದೆ. ಪಟ್ಟಿ ಬರೆದವನೇ ಎಲ್ಲವನ್ನೂ ಹತ್ತಿ ಮುಗಿಸದೆ 1919ರಲ್ಲಿ ತೀರಿಕೊಂಡ.

"ಹಂಗಂದ್ರ ಅದು ಹರಕೀನ ಐತಿ," ಎಂದರು ಹಿರಿಯರು, ಎಲೆ ಬಾಯಿಗಿಟ್ಟುಕೊಂಡು. "ಯಾ ದೇವರಿಗಿ ಅಂತ ಅವರಿಗಿ ಗೊತ್ತಿಲ್ಲ, ಅಷ್ಟ."

ಸ್ಕಾಟ್ಲೆಂಡಿನವರ ಉಡುಪಿನ ಸಿದ್ಧಾಂತ ಮೂರು ಪದರಿನದು. ಮೈಗೆ ಅಂಟಿಕೊಂಡು ಬೆವರು ಹೀರಿ ಹೊರಗೆ ದಾಟಿಸುವುದೊಂದು, ಅದರ ಮೇಲೆ ಬೆಚ್ಚಗಿಡುವುದೊಂದು, ಎಲ್ಲಕ್ಕೂ ಮೇಲೆ ಗಾಳಿ ಮಳೆ ತಡೆಯುವುದೊಂದು. ಸಿದ್ಧಾಂತ ಸುಳ್ಳಲ್ಲ. ಒದ್ದೆ ಬಟ್ಟೆಯ ಮೇಲೆ ಗಾಳಿ ಬಿದ್ದರೆ ಮನುಷ್ಯ ಬೇಗ ತಣ್ಣಗಾಗುತ್ತಾನೆ, ಅಲ್ಲಿ ಅದರಿಂದ ಜೀವಗಳೇ ಹೋಗಿವೆ. ಮಾಸ್ತರು ಮೂರೂ ಪದರು ತರಿಸಿದರು. ನಮ್ಮ ಕಡೆ ಛಟ್ಟಿ ಅಮಾವಾಸ್ಯೆಯ ನಸುಕಿಗೆ ಹಲ್ಲು ಕಟಕಟ ಅನ್ನುವ ಚಳಿ ಇರುವುದು ನಿಜ. ಆದರೆ ಹತ್ತು ಗಂಟೆಗೆ ಅದೇ ರಸ್ತೆಯಲ್ಲಿ ಡಾಂಬರು ಕಾದಿರುತ್ತದೆ. ಹೀಗಾಗಿ ಮಾಸ್ತರು ನಸುಕಿನಲ್ಲಿ ಮೂರು ಪದರು ತೊಟ್ಟು, ತಾಸಿಗೊಂದು ಬಿಚ್ಚಿ ಬ್ಯಾಗಿಗೆ ತುರುಕಿ, ಸಂಜೆ ಮತ್ತೆ ಒಂದೊಂದಾಗಿ ಏರಿಸುವ ಕೆಲಸದಲ್ಲಿ ಇಡೀ ದಿನ ಕಳೆಯುತ್ತಾರೆ. ಪಕ್ಕದಲ್ಲಿ ನಡೆಯುವ ಕುರುಬರ ಮುದುಕ ಒಂದೇ ಕರಿ ಕಂಬಳಿಯನ್ನು ನಸುಕಿನಲ್ಲಿ ಕೊಪ್ಪೆ ಮಾಡಿ ತಲೆಗೆ ಹಾಕಿಕೊಳ್ಳುತ್ತಾನೆ, ಬಿಸಿಲಿಗೆ ಮಡಚಿ ಹೆಗಲಿಗೆ ಎಸೆಯುತ್ತಾನೆ, ಮಧ್ಯಾಹ್ನ ಹಾಸಿ ಮಲಗುತ್ತಾನೆ. ಮಾಸ್ತರು ಅದನ್ನೂ ಗಮನಿಸಿದ್ದಾರೆ. ಉಣ್ಣೆ ಒದ್ದೆಯಾದರೂ ಬೆಚ್ಚಗಿಡುತ್ತದೆ ಎಂದು ಮುದುಕನಿಗೇ ವಿವರಿಸಿದರು. ಮುದುಕ ಹೌದ್ರಿ ಎಂದ.

ಇನ್ನು ಬೂಟು. ಇದು ಮಾಸ್ತರ ಜೀವ. ಅದರ ಮುಖ್ಯ ಗುಣ ಏನೆಂದರೆ ಹೊರಗಿನ ಒಂದು ಹನಿ ನೀರೂ ಒಳಗೆ ಬರುವುದಿಲ್ಲ. ಈ ಗುಣಕ್ಕೆ ಅವರು ಒಂಬತ್ತು ಸಾವಿರ ರೂಪಾಯಿ ಕೊಟ್ಟರು. ಜತ್ತ ತಾಲ್ಲೂಕಿನಲ್ಲಿ! ನೀರು ಕೊಡಿ, ಇಲ್ಲವಾದರೆ ಕರ್ನಾಟಕಕ್ಕೆ ಹೋಗುತ್ತೇವೆ ಎಂದು ಗಡಿಯ ಹಳ್ಳಿಗಳು 2012ರಲ್ಲಿ ಠರಾವು ಮಾಡಿದ ತಾಲ್ಲೂಕು ಇದು. 2022ರ ನವೆಂಬರಿನಲ್ಲಿ ಕರ್ನಾಟಕದ ಆಗಿನ ಮುಖ್ಯಮಂತ್ರಿ ಬೊಮ್ಮಾಯಿ ಅವರು ಆ ಠರಾವನ್ನು ನೆನಪಿಸಿದಾಗ ಎರಡೂ ರಾಜ್ಯಗಳಲ್ಲಿ ಗದ್ದಲವಾಯಿತು. ಮ್ಹೈಸಾಳ ಯೋಜನೆಯ ನೀರಿಗಾಗಿ ನಮ್ಮ ಹಿರಿಯರು ಕಾದರು, ನಾವೂ ಕಾದೆವು. ನೀರು ಬಾರದಂತೆ ನೋಡಿಕೊಳ್ಳುವ ಕೆಲಸವನ್ನು ಸರ್ಕಾರಗಳು ಇಷ್ಟು ವರ್ಷ ಪುಕ್ಕಟೆ ಮಾಡಿಕೊಟ್ಟಿರುವಾಗ, ಅದಕ್ಕೆ ಕೈಯಿಂದ ಒಂಬತ್ತು ಸಾವಿರ ಹಾಕಿದವರು ಮಾಸ್ತರೊಬ್ಬರೇ.

ಬೂಟಿನ ವಾದದಲ್ಲಿ ಅವರನ್ನು ಸೋಲಿಸಲು ಊರಿನವರು ಕೊಲ್ಹಾಪುರಿ ಚಪ್ಪಲಿ ತಂದು ಮುಂದಿಡುತ್ತಾರೆ. ಆ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ್ದು ಎಂಟು ಜಿಲ್ಲೆಗಳ ಹೆಸರಿನಲ್ಲಿ. ಈಚೆಯ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೋಲಾಪುರ ನಾಲ್ಕು, ಆಚೆಯ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ನಾಲ್ಕು. ಗಡಿಯ ಬಗ್ಗೆ ಎರಡೂ ಸರ್ಕಾರಗಳು ಒಪ್ಪಿದ ವಿಷಯ ಬಹುಶಃ ಇದೊಂದೇ. ನಮಗೆ ಚಪ್ಪಲಿ ಬರುವುದು ಪಕ್ಕದ ಅಥಣಿಯಿಂದ. ಮೊದಲ ವಾರ ಕಚ್ಚುತ್ತದೆ, ಎಣ್ಣೆ ಹಚ್ಚಿದರೆ ಪಳಗುತ್ತದೆ, ಆಮೇಲೆ ಕಾಲಿನದೇ ಚರ್ಮವಾಗುತ್ತದೆ. ಮಾಸ್ತರು ಇದನ್ನೂ ಒಪ್ಪುತ್ತಾರೆ. ಎಲ್ಲವನ್ನೂ ಒಪ್ಪಿ ಬೂಟೇ ಹಾಕಿಕೊಳ್ಳುತ್ತಾರೆ.

ಹೊರಡುವ ಹಿಂದಿನ ವಾರ ತೂಕದ ವಾರ. ಹಗುರಾಗಿ ನಡೆಯುವವರ ಪಂಥವೊಂದಿದೆ, ಅವರು ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನೂ ಅರ್ಧಕ್ಕೆ ಕತ್ತರಿಸುತ್ತಾರಂತೆ. ಮಾಸ್ತರು ಬ್ರಷ್ಷು ಕತ್ತರಿಸಿದರು. ಬಾಚಣಿಗೆಯನ್ನೂ ಕತ್ತರಿಸಿದರು. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಒಂದೊಂದು ಸಾಮಾನನ್ನೂ ಇಟ್ಟು ಲೆಕ್ಕ ಬರೆದು, ಕಡೆಗೆ ಬ್ಯಾಗು ಕಟ್ಟಿ ಮೂಲೆಗಿಟ್ಟರು. ಆ ರಾತ್ರಿ ಮನೆಯವರು ಸುಮ್ಮನೆ ಬ್ಯಾಗು ಬಿಚ್ಚಿ, ಶೇಂಗಾ ಹೋಳಿಗೆಯ ಎರಡು ಡಬ್ಬಿ, ಸಜ್ಜಿ ರೊಟ್ಟಿಯ ಒಂದು ಗಂಟು, ಗುರೆಳ್ಳು ಚಟ್ನಿಯ ಬಾಟಲಿ ಕೆಳಗಿಟ್ಟು ಮತ್ತೆ ಕಟ್ಟಿದರು. ಮರುದಿನ ಬ್ಯಾಗು ಎತ್ತಿದ ಮಾಸ್ತರು ಗಣಿತದಲ್ಲಿ ಎಲ್ಲಿ ತಪ್ಪಾಯಿತೆಂದು ತಿಕೋಟೆಯವರೆಗೂ ಯೋಚಿಸಿದರು.

ತಿಕೋಟೆ ಎಂದರೆ ದಾಸೋಹ ನೆನಪಾಗುತ್ತದೆ. ದಾರಿಯುದ್ದಕ್ಕೂ ಪೆಂಡಾಲು ಹಾಕಿ ಜನ ಕಾಯುತ್ತಿರುತ್ತಾರೆ. ಒಂದು ಕಡೆ ಚಹಾ, ಇನ್ನೊಂದು ಕಡೆ ಉಪ್ಪಿಟ್ಟು ಶಿರಾ, ಮುಂದೆ ಗೋಧಿ ಹುಗ್ಗಿ, ಅದರ ಮುಂದೆ ಬಾಳೆಹಣ್ಣು. ಬೇಡ ಅಂದರೆ ಕೈ ಹಿಡಿದು ಕೂರಿಸುತ್ತಾರೆ. ಕಾಲಿಗೆ ಎಣ್ಣೆ ಹಚ್ಚಿ ತಿಕ್ಕುವವರು, ಬೊಬ್ಬೆಗೆ ಮುಲಾಮು ಹಾಕುವವರು, ನೋವಿನ ಗುಳಿಗೆ ಕೊಡುವವರು, ಮಲಗಲು ತಾಡಪತ್ರಿ ಹಾಸಿದವರು. ದಾನಮ್ಮ ಹುಟ್ಟಿದ್ದು ಇದೇ ಜತ್ತ ತಾಲ್ಲೂಕಿನ ಉಮರಾಣಿಯಲ್ಲಿ, ಮೊದಲ ಹೆಸರು ಲಿಂಗಮ್ಮ. ಆಕೆಯ ಕೊಡುಗೈ ಕಂಡು ದಾನಮ್ಮ ಎಂದು ಕರೆದವರು ಬಸವಣ್ಣನವರೇ ಎಂಬ ಪ್ರತೀತಿ ಇದೆ. ಆಕೆಯ ಹೆಸರಿನ ದಾರಿಯಲ್ಲಿ ಇನ್ನೇನು ನಡೆದೀತು?

ಮಾಸ್ತರ ಕಷ್ಟ ಇರುವುದು ಇಲ್ಲಿ. ಸ್ಕಾಟ್ಲೆಂಡಿನ ಗುಡ್ಡದ ಮೇಲೆ ಕೇಳಲು ಯಾರೂ ಇಲ್ಲ. ಮಂಜು ಕವಿದರೆ ಬೆನ್ನ ಮೇಲಿನ ಬ್ಯಾಗೇ ತಾಯಿ, ಬ್ಯಾಗೇ ತಂದೆ. ಹಾಗಾಗಿ ಅವರು ಎಲ್ಲವನ್ನೂ ಹೊರುವುದು ಸರಿ. ನಮ್ಮ ದಾರಿಯಲ್ಲಿ ಕೇಳದವರೇ ಇಲ್ಲ. ಏನೂ ತರದೆ ಬಂದವನು ಪಾವನ, ಅವನಿಂದ ಹತ್ತು ಮಂದಿಗೆ ಪುಣ್ಯ. ಎಲ್ಲವನ್ನೂ ತಂದವನು ಮಾತ್ರ ಯಾರಿಗೂ ಪ್ರಯೋಜನವಿಲ್ಲದೆ ನಿಲ್ಲುತ್ತಾನೆ. ಚಹಾ ಹಿಡಿದು ಓಡಿ ಬಂದ ಹುಡುಗನಿಗೆ ಮಾಸ್ತರು ಬಾಯಿಯ ನಳಿಗೆ ತೋರಿಸಿ "ನಂದ ನಂದೈತಿ" ಅಂದಾಗ ಆ ಹುಡುಗನ ಮುಖ ಬಾಡಿದ್ದನ್ನು ನಾವೆಲ್ಲ ನೋಡಿದೆವು. ಮಾಸ್ತರೂ ನೋಡಿದರು. ಚಹಾ ಕುಡಿದರು. ಅಲ್ಲಿಂದ ಮುಂದೆ ಪ್ರತಿ ಪೆಂಡಾಲಿನಲ್ಲೂ ಕೂತರು.

ಕೂತರೆ ಕಾಲು ತಿಕ್ಕುವವರು ಬರುತ್ತಾರೆ. ಬೂಟಿನ ಲೇಸು ಬಿಚ್ಚಬೇಕು. ಅದು ಮೇಲಿನ ಕೊಂಡಿಯಿಂದ ಕೆಳಗಿನವರೆಗೆ ವಿಧಿವತ್ತಾಗಿ ಬಿಚ್ಚುವ ಲೇಸು. ಎಣ್ಣೆ ಹಿಡಿದವರು ಪಕ್ಕದ ನಾಲ್ವರ ಕಾಲು ತಿಕ್ಕಿ ಬಂದರೂ ಇವರ ಎರಡನೇ ಬೂಟು ಕಾಲಲ್ಲೇ ಇರುತ್ತಿತ್ತು. ನೈಸ್ಮಿತ್ ಎಂಬ ಸ್ಕಾಟ್ಲೆಂಡಿನವನು 1892ರಲ್ಲಿ ಹಾಕಿಕೊಟ್ಟ ಲೆಕ್ಕವೊಂದನ್ನು ಮಾಸ್ತರು ನಂಬಿದ್ದರು. ಮೂರು ಮೈಲಿಗೆ ಒಂದು ತಾಸು, ಎರಡು ಸಾವಿರ ಅಡಿ ಏರಿಗೆ ಇನ್ನೊಂದು ತಾಸು. ನಮ್ಮ ದಾರಿಯಲ್ಲಿ ಏರು ಎಂಬುದಿಲ್ಲ. ಅದರ ಬದಲು ಚಹಾಕ್ಕೆ ಕಾಲು ತಾಸು, ಹುಗ್ಗಿಗೆ ಅರ್ಧ ತಾಸು, ಲೇಸಿಗೆ ಮುಕ್ಕಾಲು ತಾಸು ಎಂದು ಸೂತ್ರವನ್ನು ತಿದ್ದಿಕೊಂಡರು.

ರಾತ್ರಿ ನಡೆಯುವಾಗ ಹಣೆಯ ದೀಪದ ಕಾಟ. ಮಾತಾಡಿಸಿದರೆ ತಿರುಗುತ್ತಾರೆ, ತಿರುಗಿದರೆ ನಮ್ಮ ಕಣ್ಣು ಹೋಗುತ್ತದೆ. "ಮಾಸ್ತರ್ರ, ಮಾತಾಡ್ರಿ, ಖರೆ ನೋಡಬ್ಯಾಡ್ರಿ" ಎಂದು ಹೆಣ್ಣುಮಕ್ಕಳು ಬೇಡಿಕೊಂಡರು.

ಆದರೆ ನ್ಯಾಯ ಹೇಳಬೇಕು. ಛಟ್ಟಿ ಅಮಾವಾಸ್ಯೆ ಬರುವುದು ಕಬ್ಬು ನುರಿಸುವ ಹಂಗಾಮಿನಲ್ಲಿ. ನಮ್ಮ ರಸ್ತೆಯ ಅಪಾಯ ಹಿಮಪಾತವಲ್ಲ, ಎರಡು ಟ್ರೇಲಿ ಜೋಡಿಸಿಕೊಂಡು, ಹಾಡು ಹಚ್ಚಿಕೊಂಡು, ಕಾರ್ಖಾನೆಗೆ ಹೊರಟ ಟ್ರ್ಯಾಕ್ಟರು. ಕತ್ತಲಲ್ಲಿ ಅಂಚಿಗೆ ನಡೆಯುವ ಮನುಷ್ಯ ಅದರ ಚಾಲಕನಿಗೆ ಕಾಣುವುದಿಲ್ಲ. ಮಾಸ್ತರ ಬ್ಯಾಗಿನ ತಳದಲ್ಲಿ ಬೆಳಕು ಬಿದ್ದರೆ ಹೊಳೆಯುವ ಪಟ್ಟಿಯ ಸುರುಳಿಯೊಂದಿತ್ತು, ಅವರು ತಂದದ್ದರಲ್ಲೆಲ್ಲ ಅಗ್ಗದ ವಸ್ತು. ಅದನ್ನು ಹಲ್ಲಿನಿಂದ ಹರಿದು ಹರಿದು ಎಲ್ಲರ ಚೀಲಕ್ಕೆ, ಶಾಲಿಗೆ, ಬಡಿಗೆಗೆ, ಒಬ್ಬ ಅಜ್ಜನ ರುಮಾಲಿಗೂ ಅಂಟಿಸಿದರು. ಮುಂದಿನ ಟ್ರ್ಯಾಕ್ಟರು ದೂರದಿಂದಲೇ ವೇಗ ಇಳಿಸಿತು. ಎರಡು ಅಲ್ಯುಮಿನಿಯಂ ಬಡಿಗೆಗಳೂ ಆಗಲೇ ಮೊಣಕಾಲು ಹಿಡಿದ ಇಬ್ಬರು ಅಜ್ಜಿಯರ ಕೈ ಸೇರಿದ್ದವು.

ಬಡಿಗೆ ಹೋಗುವ ಮುನ್ನ ಗಡಿಯ ಹತ್ತಿರ ಒಬ್ಬ ಕುರಿಗಾರ ಸಿಕ್ಕಿದ್ದ. ಮಾಡಗ್ಯಾಳದ ಕುರಿಯನ್ನು ಬಲ್ಲವರು ಬಲ್ಲರು: ಬಿಳಿ ಮೈಗೆ ಕಂದು ಮಚ್ಚೆ, ಗಿಣಿಮೂಗು, ಇಳಿಬಿದ್ದ ಉದ್ದ ಕಿವಿ. ನಮ್ಮ ತಾಲ್ಲೂಕು ಹೆಸರು ಗಳಿಸಿದ್ದೇ ಆ ತಳಿಯಿಂದ. ಕುರಿಗಾರ ಮಾಸ್ತರನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಎರಡೆರಡ ಬಡಿಗಿ ಹಿಡದೀರಿ, ಕುರಿ ಎಲ್ಲಿ ಬಿಟ್ರಿ?"

ಮಾಸ್ತರು ನಕ್ಕು, ಬಡಿಗೆ ಬಿಟ್ಟು ಬೂಟಿನ ವಿಷಯ ತೆಗೆದರು. ಕುರಿಗಾರ ಕುಕ್ಕರಗಾಲಲ್ಲಿ ಕೂತು ಬೂಟು ಒತ್ತಿ ನೋಡಿದ, ಹೊಲಿಗೆ ನೋಡಿದ, ತಳ ಎತ್ತಿಸಿ ನೋಡಿದ. ಸಂತೆಯಲ್ಲಿ ಟಗರಿನ ಹಲ್ಲು ನೋಡುವವನ ಗಂಭೀರ ಮುಖ.

"ಎಷ್ಟಕ್ಕ ಕೊಟ್ರು?"

"ಒಂಬತ್ತ ಸಾವಿರ."

ಅವನು ಎದ್ದು ಧೋತರದ ಮಣ್ಣು ಝಾಡಿಸಿಕೊಂಡ.

"ಮರಿ ಹಾಕ್ತಾವೇನ್ರಿ?"

ಗುಡ್ಡಾಪುರ ಮುಟ್ಟುವಾಗ ಜಾತ್ರೆ ತುಂಬಿ ತುಳುಕುತ್ತಿತ್ತು. ಪಾಳಿ ದೂರದವರೆಗೆ ಹೋಗಿತ್ತು. ಬೂಟು ಎಲ್ಲಿ ಬಿಡಬೇಕು? ಸಾವಿರಾರು ಚಪ್ಪಲಿಗಳ ರಾಶಿಯ ಮುಂದೆ ಮಾಸ್ತರು ನಿಂತರು, ಕೂಸನ್ನು ಜಾತ್ರೆಯಲ್ಲಿ ಬಿಟ್ಟು ಹೋಗು ಅಂದಂತಾಗಿತ್ತು ಮುಖ. ಆಗ ಗುಡಿಯ ಗೋಡೆಯ ನೆರಳಿನಿಂದ ಅವರ ಅವ್ವ ಕೂಗಿದರು. ಎಪ್ಪತ್ತೈದು ದಾಟಿದ ಜೀವ, ಮಹಾರಾಷ್ಟ್ರದ ಎಸ್‌ಟಿಯಲ್ಲಿ ಆ ವಯಸ್ಸಿನವರಿಗೆ 2022ರಿಂದ ಟಿಕೆಟ್ ಇಲ್ಲ. ಬೆಳಿಗ್ಗೆಯೇ ಪುಕ್ಕಟೆ ಬಂದು, ದರ್ಶನ ಮುಗಿಸಿ, ಪ್ರಸಾದ ಉಂಡು, ಇನ್ನೊಂದು ಎಲೆಯಲ್ಲಿ ಮಗನಿಗೂ ಕಟ್ಟಿಸಿಕೊಂಡು ಕೂತಿದ್ದರು.

"ಅವ್ವಾ, ನೀನೂ ನಡಕೋಂತ ಬರ್ತಿ ಅಂತ ತಿಳಿದಿದ್ದೆ."

"ಹರಕಿ ಹೊತ್ತವರು ನಡೀತಾರ. ನಾ ಹರಕಿ ಹೊತ್ತಿಲ್ಲ. ನೀ ಬ್ಯಾಗ ಹೊತ್ತೀದಿ."

ಮಾಸ್ತರು ಬೂಟು ಬಿಚ್ಚಿ ಅವ್ವನ ಪಕ್ಕ ಇಟ್ಟರು. ಅವ್ವ ಅವನ್ನು ಒಂದು ಕೈಯಲ್ಲಿ ಎತ್ತಿ ತೂಕ ನೋಡಿ, ಮಗನ ಬೊಬ್ಬೆ ಎದ್ದ ಹಿಮ್ಮಡಿ ನೋಡಿ, ಬೂಟನ್ನು ಸೆರಗಿನ ಕೆಳಗೆ ಸರಿಸಿಕೊಂಡರು.

"ಬರೂ ವರ್ಷ ಹಿಂಗ ಮಾಡಪಾ. ಇವನ್ನ ನನ್ನ ಕೂಡ ಎಸ್‌ಟಿಗಿ ಹಾಕಿ ಕಳಸು. ನೀ ಹಗೂರ ನಡಕೋಂತ ಬಾ."